ಮಂಚಮ್ಮನ ಎಡಗಾಲು

ಸೋಸಲೆಯಿಂದ ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ, ನಾಟಿ ಕಾಲದಲ್ಲಿ ಕಿಟಕಿ ಪಕ್ಕ ಕೂತವರಿಗೆಲ್ಲ ಮಂಚಮ್ಮ ಗೊತ್ತು. ಹೆಸರು ಗೊತ್ತಿಲ್ಲದಿದ್ದರೂ ಬೆನ್ನು ಗೊತ್ತು. ಹನ್ನೆರಡು ಹೆಂಗಸರ ಗುಂಪು, ಅದಕ್ಕೆ ಇವಳು ಯಜಮಾನಿ. ಒಂದು ಸಲ ಬಗ್ಗಿದಳೆಂದರೆ ಬದು ಮುಟ್ಟುವವರೆಗೆ ಸೊಂಟ ಎತ್ತುತ್ತಿರಲಿಲ್ಲ. ಎಂಥ ಹೆಂಗಸು ಅಂತೀರಿ! ಐವತ್ತಾರು ವಯಸ್ಸಿನಲ್ಲೂ ಇಪ್ಪತ್ತರ ಹುಡುಗಿಯರು ಅವಳ ಜೊತೆ ಸಮ ಬರಲಾಗದೆ ಏದುಸಿರು ಬಿಡುತ್ತಿದ್ದರು.

ನಾಟಿ ಅಂದರೆ ಹಿಂದಕ್ಕೆ ನಡೆಯುವ ಕೆಲಸ. ಕಣ್ಣು ಪೈರಿನ ಮೇಲಿರುತ್ತದೆ. ಹಿಂದೆ ಹಳ್ಳವೋ ಕಲ್ಲೋ ಅಂತ ನೋಡಿಕೊಳ್ಳಬೇಕಾದ್ದು ಕಾಲು. "ನನ್ ಕಾಲ್ಗೂ ಕಣ್ಣವೆ ಕಣ್ರವ್ವ" ಅನ್ನುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ಮಗಳು ಕವನಳನ್ನು ಪಿಯುಸಿವರೆಗೆ ಓದಿಸಿದ್ದು ಆ ಎರಡು ಕಾಲಿನಿಂದಲೇ. ಕವನ ಈಗ ನಂಜನಗೂಡಿನ ಬಟ್ಟೆ ಫ್ಯಾಕ್ಟರಿಗೆ ಹೋಗುತ್ತಾಳೆ. "ಸಾಕು ಬುಡವ್ವ, ಮನೇಲಿರು" ಅಂದರೆ ಮಂಚಮ್ಮ ಕೇಳುವವಳಲ್ಲ. ಗದ್ದೆಗಿಳಿಯದಿದ್ದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಬಂತು. ಎಡಗಾಲಿನ ಹೆಬ್ಬೆರಳ ಕೆಳಗೆ ಒಂದು ಹುಣ್ಣೂ ಆಯಿತು. ನೋವೇ ಇರಲಿಲ್ಲ, ಅದೇ ಕೆಟ್ಟದ್ದಾಯಿತು. ಸರ್ಕಾರಿ ಆರೋಗ್ಯ ಕೇಂದ್ರದ ಸಿಸ್ಟರು ದಿನ ಬಿಟ್ಟು ದಿನ ಹುಣ್ಣು ತೊಳೆದು ಪಟ್ಟಿ ಹಾಕುತ್ತಿದ್ದರು. ಸೆರಗಲ್ಲಿ ಮೂಗು ಮುಚ್ಚಿಕೊಂಡೇ ಬೈಯುತ್ತಿದ್ದರು.

"ಕೆಸರಿಗಿಳೀಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಮ್ಮ? ಕಾಲು ಹೋದ್ರೆ ನನ್ನ ಕೇಳ್ಬೇಡ."

ಬೈದರೂ ತೊಳೆಯುತ್ತಿದ್ದರು. ಹುಣ್ಣು ಸಣ್ಣದಾಗುತ್ತಲೂ ಇತ್ತು. ಸಿಸ್ಟರ ಬಾಯಿ ಮಂಚಮ್ಮನಿಗೆ ಹಿಡಿಸುತ್ತಿರಲಿಲ್ಲ, ಅಷ್ಟೆ.

ಹಾಗಿರುವಾಗ, ಜುಲೈ ತಿಂಗಳ ಒಂದು ಶನಿವಾರ, ಅಮೇರಿಕದ ಚರ್ಚಿನವರು ಊರಾಚೆಯ ಮಂಚಮ್ಮನ ಕಾಲೋನಿಗೆ ಬಂದರು. ಹದಿನಾಲ್ಕು ಜನ, ಎಲ್ಲರಿಗೂ ಒಂದೇ ಹಳದಿ ಟೀ ಶರಟು. ಹಳ್ಳಿಯವರ ಸೇವೆಗೆ ಎರಡು ವಾರದ ಪ್ರವಾಸವಂತೆ. ಕರೆತಂದವನು ರಾಜೇಂದ್ರ, ಮಂಚಮ್ಮನ ತಂಗಿಯ ಮಗ. ನಂಜನಗೂಡಿನ ಒಂದು ಸಣ್ಣ ಪ್ರಾರ್ಥನಾ ಮಂದಿರಕ್ಕೆ ಸೇರಿಕೊಂಡಿದ್ದ. ಇಂಗ್ಲಿಷ್ ಬರುತ್ತಿದ್ದರಿಂದ ಬಂದವರಿಗೆ ಅವನೇ ಬಾಯಿ, ಅವನೇ ಕಿವಿ.

ಸಮುದಾಯ ಭವನದ ಮುಂದೆ ಕುರ್ಚಿ ಹಾಕಿ, ಬೇಸಿನ್ನಿನಲ್ಲಿ ಬಿಸಿನೀರಿಟ್ಟು, ವಯಸ್ಸಾದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿದರು. ಮಂಚಮ್ಮನ ಮುಂದೆ ಮಂಡಿಯೂರಿದವನು ಬ್ರಾಂಡನ್ ಅಂತ, ಇಪ್ಪತ್ತೆರಡರ ಹುಡುಗ. ಅವಳ ಕಾಲಿಗೆ ಕೈ ಹಾಕಿದ.

ಮಂಚಮ್ಮ ಬೆಂಕಿ ತಾಗಿದಂತೆ ಕಾಲೆಳೆದುಕೊಂಡಳು. "ಅಯ್ಯಯ್ಯೋ, ಏನ್ಲಾ ಇದು ರಾಜೇಂದ್ರ!"

"ಅವ್ರ ಧರ್ಮದಲ್ಲಿ ಇದು ಸೇವೆ ಕಣ್ ದೊಡ್ಡವ್ವ. ಸುಮ್ನೆ ಕೂತ್ಕೊ."

ಹಿಂದೆ ನಿಂತಿದ್ದ ಪಕ್ಕದ ಮನೆ ವೆಂಕಟಮ್ಮ ಬಿಡುತ್ತಾಳೆಯೇ? "ಲೇ ಮಂಚಿ, ಮದ್ವೇಲಿ ನಿನ್ ಗಂಡನ್ ಕಾಲ್ನ ನಿಮ್ಮಪ್ಪ ತೊಳ್ದ. ನಿನ್ ಕಾಲ್ ತೊಳ್ಯಕೆ ಅಮೇರಿಕದಿಂದ್ಲೇ ಬರ್ಬೇಕಾಯ್ತಾ? ಹೆಣ್ ಕೇಳಕ್ ಬಂದವ್ನೇನೋ, ವಿಚಾರ್ಸು!"

ಎಲ್ಲರೂ ನಕ್ಕರು. ಮಂಚಮ್ಮ ನಗಲಿಲ್ಲ. ಆ ಹುಡುಗ ಕೆಸರು ಕೂತ ಉಗುರುಗಳನ್ನು ಒಂದೊಂದಾಗಿ ಉಜ್ಜಿದ. ಹುಣ್ಣು ಕಂಡಾಗ ಮೂಗು ಮುಚ್ಚಿಕೊಳ್ಳಲಿಲ್ಲ. ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಏನೋ ಮುಲಾಮು ಹಚ್ಚಿ, ದಪ್ಪಗೆ ಬಿಳಿ ಪಟ್ಟಿ ಸುತ್ತಿದ. ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಅವನ ಕಣ್ಣಲ್ಲಿ ನೀರಿತ್ತು. ಅದು ನಾಟಕವಲ್ಲ ಅಂತ ಮಂಚಮ್ಮ ಇವತ್ತಿಗೂ ಹೇಳುತ್ತಾಳೆ. ಊರ ಯಜಮಾನರ ಜಗಲಿ ಹತ್ತಬಾರದಿದ್ದ ಕಾಲು ಅದು. ಅದನ್ನು ಯಾರೂ ತೊಡೆಯ ಮೇಲಿಟ್ಟುಕೊಂಡವರಿರಲಿಲ್ಲ.

ಇನ್ನೊಬ್ಬ ಹುಡುಗಿ ಫೋಟೋ ತೆಗೆಯುತ್ತಲೇ ಇದ್ದಳು.

ಎದ್ದು ನಿಂತ ಬ್ರಾಂಡನ್ ಏನೋ ಹೇಳಿದ. ರಾಜೇಂದ್ರ ಕನ್ನಡಕ್ಕೆ ತಂದ: "ಬುಧವಾರ ಅವ್ರ ಡಾಕ್ಟ್ರ ಕರ್ಕಂಡ್ ತಾನೇ ಬತ್ತಾನಂತೆ. ಅಲ್ಲೀಗಂಟ ಪಟ್ಟಿ ನೆನೀಬಾರ್ದಂತೆ."

ಮಾರನೆಯ ದಿನದಿಂದ ಮಂಚಮ್ಮ ಗದ್ದೆಗಿಳಿಯಲಿಲ್ಲ. ಸಿಸ್ಟರು ಮೂವತ್ತು ಸಲ ಬೈದರೂ ಆಗದ್ದು, ಆ ಹುಡುಗನ ಒಂದು ಮಾತಿಗೆ ಆಯಿತು. ಸಿಸ್ಟರ ಹತ್ತಿರವೂ ಹೋಗಲಿಲ್ಲ. ಕವನ ಕೇಳಿದರೆ ಅವಳದು ಒಂದೇ ಉತ್ತರ:

"ಮದ್ವೇಲಿ ಕಂಕಣ ಕಟ್ದೋರೇ ಬಿಚ್ಬೇಕು ಕಣವ್ವ. ಕಾಲ್ ತೊಳ್ದು ಕಟ್ಟವ್ನೆ. ಬ್ಯಾರೆಯೋರ್ ಕೈಲಿ ಬಿಚ್ಚುಸ್ದ್ರೆ ಅವ್ನಿಗೆ ಅವಮಾನ ಮಾಡ್ದಂಗಲ್ವಾ?"

ಬುಧವಾರ ಬಂತು. ಮಂಚಮ್ಮ ಬೆಳಿಗ್ಗೆಯೇ ಸೀರೆ ಬದಲಿಸಿ, ಹುಡುಗನಿಗೆಂದು ವೆಂಕಟಮ್ಮನ ಮನೆಯಿಂದ ಕುರ್ಚಿ ತಂದು ಹಾಕಿ, ಬಾಗಿಲಲ್ಲಿ ಕೂತಳು. ಯಾರೂ ಬರಲಿಲ್ಲ. ನಡೆದದ್ದಿಷ್ಟೆ: ಪ್ರವಾಸಿ ವೀಸಾದಲ್ಲಿ ಬಂದು ಧರ್ಮ ಪ್ರಚಾರ ಮಾಡುತ್ತಿದ್ದಾರೆಂದು ಯಾರೋ ಪೊಲೀಸರಿಗೆ ಅರ್ಜಿ ಹಾಕಿದ್ದರು. ಹೆದರಿದ ಸಂಘಟಕರು ಮಂಗಳವಾರ ಸಂಜೆಯೇ ಎಲ್ಲರನ್ನೂ ಬೆಂಗಳೂರಿಗೆ ಸಾಗಿಸಿದ್ದರು. ಹೋಗುವ ದಾರಿಯಲ್ಲಿ ಸೋಮನಾಥಪುರದ ದೇವಸ್ಥಾನದ ಮುಂದೆ ಇಳಿಸಿ ಗ್ರೂಪ್ ಫೋಟೋ ಹೊಡೆಸಲು ಮಾತ್ರ ಟೈಮಿತ್ತು.

ರಾಜೇಂದ್ರನಿಗೆ ಇದೆಲ್ಲ ಗೊತ್ತಿತ್ತು. ಕವನ ಫೋನ್ ಮಾಡಿದಾಗ, "ಬತ್ತಾರೆ ಕಣಮ್ಮಿ, ವಸಿ ಲೇಟಾಯ್ತದೆ" ಅಂದುಬಿಟ್ಟ. ದೊಡ್ಡವ್ವನ ಮುಂದೆ ತನ್ನ ಜನರ ಮಾತು ಸುಳ್ಳಾಯಿತಲ್ಲ ಅನ್ನೋ ನಾಚಿಕೆ. ಶುಕ್ರವಾರ ಮತ್ತೆ ಕೇಳಿದಾಗಲೂ ಅದನ್ನೇ ಅಂದ.

ಪಟ್ಟಿ ಕಟ್ಟಿ ಒಂಬತ್ತು ದಿನವಾದ ಸೋಮವಾರ, ಕೆಲಸದಿಂದ ಬಂದ ಕವನ ಬಾಗಿಲಲ್ಲೇ ನಿಂತಳು. "ಅವ್ವ, ಏನೋ ಸತ್ತದೆ."

ಇಲಿ ಸತ್ತಿರಬೇಕೆಂದು ಮಂಚದ ಕೆಳಗೆ, ಅಕ್ಕಿ ಡ್ರಮ್ಮಿನ ಹಿಂದೆ ಎಲ್ಲ ಹುಡುಕಿದಳು. ಆಮೇಲೆ ಅವ್ವನ ಕಾಲಿನ ಹತ್ತಿರ ಬಗ್ಗಿದಳು. ಮಂಚಮ್ಮ ಬೇಡ ಬೇಡ ಅನ್ನುತ್ತಿದ್ದಂತೆಯೇ ಕತ್ತರಿ ಹಾಕಿದಳು. ಪಟ್ಟಿಯ ಜೊತೆ ಚರ್ಮವೂ ಬಂತು. ಎರಡು ಬೆರಳು ಇದ್ದಿಲಾಗಿದ್ದವು.

ಆರೋಗ್ಯ ಕೇಂದ್ರಕ್ಕೆ ಆಟೋದಲ್ಲಿ ಒಯ್ದಾಗ ಸಿಸ್ಟರು ಬೈಯಲಿಲ್ಲ. ಅದನ್ನು ನೋಡಿಯೇ ಮಂಚಮ್ಮನಿಗೆ ಗೊತ್ತಾಗಿಹೋಯಿತು. ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆದರು. ಐದು ದಿನ ಬಿಟ್ಟು ಮೊಣಕಾಲಿನ ಕೆಳಗೆ ಪೂರ್ತಿ ತೆಗೆದರು.

ದಸರಾ ಕಳೆದ ಮೇಲೆ ರಾಜೇಂದ್ರ ಮನೆಗೆ ಬಂದ. ಬಾಳೆಹಣ್ಣು ತಂದಿದ್ದ. ಕೂತವನೇ ಮೊಬೈಲು ತೆಗೆದ. ಅವರ ಚರ್ಚಿನ ಪೇಜಿನಲ್ಲಿ ಮಂಚಮ್ಮನ ಫೋಟೋ ಇತ್ತು. ಬೇಸಿನ್ನಿನ ನೀರಲ್ಲಿ ಎರಡು ಕಾಲು, ಬಗ್ಗಿದ ಹಳದಿ ಟೀ ಶರಟು, ಸಾವಿರಾರು ಲೈಕು.

"ಏನ್ ಬರ್ದವ್ರೆ, ಓದು."

"ಮಂಚಮ್ಮ ಅನ್ನೋ ತಾಯಿಯ ಗಾಯಾನ ದೇವ್ರು ವಾಸಿ ಮಾಡ್ದ ಅಂತ." ರಾಜೇಂದ್ರ ಮೊಬೈಲು ಮಡಿಲಿಗಿಟ್ಟುಕೊಂಡ. "ಮುಂದಿನ್ ವರ್ಷದ ತಂಡಕ್ ತೋರ್ಸಕೆ ನಿನ್ ಒಂದ್ ವೀಡಿಯೋ ಕೇಳವ್ರೆ ದೊಡ್ಡವ್ವ. ಎಲ್ಡು ಮಾತು, ಅಷ್ಟೆ. ಚೆನ್ನಾಗಿವ್ನಿ ಅಂತ."

ಕವನ ಒಲೆ ಮುಂದಿನಿಂದ ಎದ್ದು ಬಂದಳು. "ನಿಂಗೆ ನಾಚ್ಕೆ ಆಗಾಕಿಲ್ವೇನಣ್ಣ? ಕಾಲ್ ತೆಗ್ದಿದ್ ಯೋಳ್ಲಿಲ್ವಾ ಅವ್ರಿಗೆ?"

"ಎಂಗೆ ಯೋಳ್ಲಮ್ಮಿ? ಪಾಪ, ಒಳ್ಳೆ ಉಡ್ಗ ಅವ್ನು. ನೊಂದ್ಕತಾನೆ."

"ನೊಂದ್ಕಳ್ಳಿ!"

"ಸುಮ್ನಿರು ಕವನ" ಅಂದಳು ಮಂಚಮ್ಮ. ಮಡಿಸಿದ ಸೀರೆ ಅಂಚನ್ನು ಮೋಟು ಕಾಲಿನ ಮೇಲೆ ಎಳೆದುಕೊಂಡಳು. "ಮಾಡ್ತೀನಿ ಕಣ್ಲಾ ವೀಡಿಯೋ. ಅದ್ಕೂ ಮುಂಚೆ ಒಂದ್ ಮಾತು ಕೇಳು ಅವ್ನ. ಉಣ್ಣಾಗಿದ್ದು ಎಡಗಾಲ್ಗಾ, ಬಲಗಾಲ್ಗಾ? ತೊಡೆ ಮ್ಯಾಲಿಟ್ಕಂಡಿದ್ನಲ್ಲ, ಗ್ಯಾನ ಇರ್ತದೆ. ಸರ್ಯಾಗಿ ಯೋಳುದ್ರೆ ವಾಸಿ ಆಯ್ತು ಅಂತ್ಲೇ ಯೋಳ್ಬುಡ್ತೀನಿ."

ರಾಜೇಂದ್ರ ಕವನಳ ಕಡೆ ನೋಡಿದ. ಮಂಚಮ್ಮ ಕಣ್ಣು ಕೀಳಲಿಲ್ಲ. ಬೇರೆ ದಾರಿಯಿಲ್ಲದೆ ಅವನು ಬ್ರಾಂಡನ್ನನಿಗೆ ಇಂಗ್ಲಿಷಿನಲ್ಲಿ ಒತ್ತಿ ಕಳಿಸಿದ. ಮೂವರೂ ಕಾದರು. ವೆಂಕಟಮ್ಮನೂ ಬಾಗಿಲಿಗೆ ಬಂದು ನಿಂತಳು. ಸ್ವಲ್ಪ ಹೊತ್ತಿಗೆ ಮೊಬೈಲು ಟಣ್ ಅಂತು.

"ಏನಂತೆ?" ಅಂದಳು ವೆಂಕಟಮ್ಮ.

ರಾಜೇಂದ್ರ ಅದನ್ನು ಜೇಬಿಗೆ ಹಾಕಹೊರಟ. ಕವನ ಮೊಬೈಲು ಕಿತ್ತುಕೊಂಡು ಅವ್ವನ ಮುಂದೆ ಹಿಡಿದಳು. ಅಕ್ಷರ ಒಂದೂ ಇರಲಿಲ್ಲ. ಮುಗಿದ ಎರಡು ಕೈಯ ಚಿತ್ರ, ಪಕ್ಕದಲ್ಲಿ ಒಂದು ಕೆಂಪು ಹೃದಯ.

ಮಂಚಮ್ಮ ಅದನ್ನು ನೋಡಿದಳು. ಬಾಳೆಹಣ್ಣಿನ ಚೀಲವನ್ನು ರಾಜೇಂದ್ರನ ಕಡೆಗೆ ತಳ್ಳಿದಳು.

"ತಗಂಡೋಗು. ನಂಗೆ ಸಕ್ಕರೆ."

ಅಷ್ಟು ವರ್ಷದಲ್ಲಿ ತಂಗಿ ಮಗನಿಗೆ ಟೀ ಕುಡಿದು ಹೋಗು ಅನ್ನದೆ ಕಳಿಸಿದ್ದು ಅದೇ ಮೊದಲು.