ಗಾಳಿ ಹೋದರೂ ಓಡುವ ಟೈರು

ನಮ್ಮ ಮನೆಯವರಿಗೆ ಎದೆಯ ಆಪರೇಷನ್ ಆದಮೇಲೆ ಡಾಕ್ಟರು ಒಂದು ಮಾತನ್ನು ಒತ್ತಿ ಹೇಳಿದ್ದರು: ಒಂದು ಕೊಡ ನೀರನ್ನೂ ಎತ್ತಬಾರದು. ಎತ್ತಿದರೆ ಏನಾಗುತ್ತದೆ ಎಂದು ನಾನು ಕೇಳಿದೆ. ಕೇಳಬಾರದಿತ್ತು, ಅವರು ಬಿಡಿಸಿ ಹೇಳಿಬಿಟ್ಟರು. ಅಂದಿನಿಂದ ನನ್ನ ಕಣ್ಣು ಇವರ ಕೈ ಮೇಲೇ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದ ಮನುಷ್ಯನಿಗೆ ಕೈ ಕಟ್ಟಿಕೊಂಡು ಕೂತಿರಿ ಎಂದರೆ ಕೂರುತ್ತಾರೆಯೇ?

ಅಷ್ಟರಲ್ಲೇ ನನಗೆ ಬಡ್ತಿ ಬಂತು. ಜಗಳೂರು ತಾಲ್ಲೂಕಿನ ಸೊಕ್ಕೆ ಕಡೆಯ ಒಂದು ಶಾಲೆಗೆ ಹೆಡ್‌ಮಿಸ್. ಚನ್ನಗಿರಿಯಿಂದ ದಿನಾ ಹೋಗಿ ಬರುವ ದೂರವಲ್ಲ. ಜಗಳೂರಿನಲ್ಲಿ ಇನ್ನೊಬ್ಬ ಟೀಚರ್ ಜೊತೆ ರೂಮು ಮಾಡುವುದು, ಸೋಮವಾರ ನಸುಕಿಗೆ ನಮ್ಮ ಹಳೆಯ ಕಾರಿನಲ್ಲಿ ಹೋಗಿ ಶನಿವಾರ ಮಧ್ಯಾಹ್ನ ಹೊರಟು ಬರುವುದು, ಇವರ ಊಟ ಪಕ್ಕದ ಮನೆಯ ನಾದಿನಿಯ ಪಾಲು ಎಂದು ತೀರ್ಮಾನವಾಯಿತು. ತೀರ್ಮಾನ ಮಾಡಿದವಳು ನಾನೇ. ಎರಡು ದಿನ ಬಿಟ್ಟು ಇವರು ಕೇಳಿದರು:

“ದಾರೀಲಿ ಪಂಕ್ಚರ್ ಆದ್ರೆ ಏನ್ ಮಾಡ್ತೀಯ?”

“ಯಾರನ್ನಾದ್ರೂ ಕರೀತೀನಿ.”

“ಯಾರನ್ನ?”

“ನಿಮ್ಮನ್ನಂತೂ ಅಲ್ಲ ಬಿಡ್ರಿ,” ಎಂದೆ. ನನ್ನ ಬಾಯಿಗೆ ಬೀಗವಿಲ್ಲ ಎಂದು ನಮ್ಮ ಅತ್ತೆ ಸುಮ್ಮನೆ ಹೇಳುತ್ತಿರಲಿಲ್ಲ. ಇವರು ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು.

ಮುಂದಿನ ವಾರ ನ್ಯಾಮತಿಯ ಪರಿಚಯದವರೊಬ್ಬರ ಹತ್ತಿರ ನಾಲ್ಕು ಟೈರು ಕೊಂಡು ತಂದರು. ಯಾವುದೋ ದೊಡ್ಡ ಕಾರಿನಿಂದ ಬಿಚ್ಚಿದ್ದು, ರನ್‌ಫ್ಲಾಟ್ ಅಂತೆ. ಟೈರಿನ ಪಕ್ಕದ ಗೋಡೆ ಎಷ್ಟು ದಪ್ಪವೆಂದರೆ ಗಾಳಿ ಪೂರ್ತಿ ಹೋದರೂ ಆ ಗೋಡೆಯೇ ಭಾರ ಹೊತ್ತು ಹತ್ತಿರದ ಊರು ಮುಟ್ಟಿಸುತ್ತದಂತೆ. ನಮ್ಮ ಕಾರು ಅಂಥ ಟೈರಿಗೆಂದು ಮಾಡಿದ್ದಲ್ಲ. ಹೊನ್ನಾಳಿಯ ಟೈರಂಗಡಿಯವರು ಅವನ್ನು ಚಕ್ರಕ್ಕೆ ಕೂರಿಸುವಷ್ಟರಲ್ಲಿ ಬೆವರಿ ನೀರಾದರು.

“ಅಣ್ಣಾರೆ, ಸೈಜೇನೋ ಕೂರ್ತೈತೆ. ಆದ್ರೆ ಇವು ಇರೋ ಕಾರಿನಾಗೆ ಗಾಳಿ ಕಮ್ಮಿ ಆದ್ರೆ ಮುಂದೆ ಒಂದು ದೀಪ ಹತ್ತತೈತೆ. ನಿಮ್ದ್ರಾಗೆ ಅದಿಲ್ಲ. ಗಾಳಿ ಹೋಗಿದ್ದು ನಿಮಗೆ ಗೊತ್ತೇ ಆಗಲ್ಲ. ವಾರಕ್ಕೊಂದ್ಸಲ ಮೀಟರ್ ಇಟ್ಟು ನೋಡ್ರಿ,” ಎಂದರು.

ಇವರು ನಕ್ಕರು. “ಮೂವತ್ತು ವರ್ಷ ಟೈರು ಒದ್ದು ನೋಡೀನಿ ತಮ್ಮಾ. ಗಾಳಿ ಎಷ್ಟೈತೆ ಅಂತ ನನ್ನ ಕಾಲೇ ಹೇಳ್ತೈತೆ.”

ಬಸ್ಸಿನವರ ಪದ್ಧತಿಯೇ ಅದು. ಡಿಪೋದಿಂದ ಹೊರಡುವ ಮೊದಲು ಒಂದು ಸುತ್ತು ಬಂದು ಒಂದೊಂದು ಟೈರಿಗೂ ಒಂದೊಂದು ಒದೆ. ಮೆತ್ತಗೆ ಅನ್ನಿಸಿದರೆ ಗಾಳಿ ಇಲ್ಲ, ಗಟ್ಟಿಯಾಗಿದ್ದರೆ ಹೊರಡಬಹುದು. ನನಗೂ ಅದು ಸರಿ ಎನ್ನಿಸಿತ್ತು. ಅವತ್ತೇ ಡಿಕ್ಕಿಯಲ್ಲಿದ್ದ ಸ್ಟೆಪ್ನಿ, ಜಾಕು ಎರಡನ್ನೂ ನನ್ನ ಕೈಯಲ್ಲೇ ತೆಗೆಸಿ ಹಿತ್ತಲ ಕೋಣೆಗೆ ಹಾಕಿಸಿದರು. ಇನ್ನು ಅವುಗಳಿಗೇನು ಕೆಲಸ!

ಅಯ್ಯೋ, ಆ ಟೈರಿನ ಸವಾರಿಯೇ! ಹೊನ್ನಾಳಿಯಿಂದ ಮನೆ ಸೇರುವಷ್ಟರಲ್ಲಿ ರಸ್ತೆಯ ಒಂದೊಂದು ಕಲ್ಲೂ ನನ್ನ ಸೊಂಟಕ್ಕೆ ಪರಿಚಯವಾಯಿತು. “ಎತ್ತಿನ ಗಾಡಿಗೆ ಸೀಟು ಹಾಕ್ಸಿದ್ದೀರಿ,” ಎಂದು ಪ್ರತಿ ಶನಿವಾರ ಜಗಳ ತೆಗೆಯುತ್ತಿದ್ದೆ. ಪ್ರತಿ ಸೋಮವಾರ ಅವರು ನನಗಿಂತ ಮೊದಲೇ ಎದ್ದು ಕಾರಿನ ಸುತ್ತ ಬಂದು ನಾಲ್ಕು ಒದೆ ಕೊಟ್ಟು, “ಕಲ್ಲಿದ್ದಂಗೈತೆ, ಹೋಗು,” ಎನ್ನುತ್ತಿದ್ದರು. ಗಾಳಿ ಇರಲಿ ಬಿಡಲಿ ಆ ಟೈರು ಕಲ್ಲಿನ ಹಾಗೆಯೇ ಇರುತ್ತದೆ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಹೀಗೆ ಮೂರು ತಿಂಗಳು. ಒಂದು ಶನಿವಾರ ಶಾಲೆ ಬಿಟ್ಟು ಹೊರಟವಳಿಗೆ ಕಾರು ಎಡಕ್ಕೆ ಎಳೆಯುತ್ತಿದೆ ಅನ್ನಿಸಿತು. ರಸ್ತೆಯದೇ ತಪ್ಪು ಎಂದುಕೊಂಡೆ. ಜಗಳೂರು ಹತ್ತಿರವಾದಂತೆ ಪಟಪಟ ಸದ್ದು, ಸುಟ್ಟ ರಬ್ಬರಿನ ವಾಸನೆ. ಊರಂಚಿನ ಪಂಕ್ಚರ್ ಅಂಗಡಿಯ ಮುಂದೆ ನಿಲ್ಲಿಸಿದೆ. ಅಂಗಡಿಯ ಯಜಮಾನರು ಟೈರಿನ ಬಿರುಕಿನೊಳಗೆ ಬೆರಳು ಹಾಕಿ ಹಿಡಿ ತುಂಬ ರಬ್ಬರ್ ಪುಡಿ ತೆಗೆದು ತೋರಿಸಿದರು.

“ಇದು ಇವತ್ತು ಹೋಗಿದ್ದಲ್ಲ ಮೇಡಂ. ವಾರದಿಂದ ಗಾಳಿ ಇಲ್ದಂಗೇ ಓಡ್ಸೀರಿ. ಒಳಗೆಲ್ಲ ಪುಡಿಪುಡಿ. ಈ ಸೈಜು ನನ್ನತ್ರ ಇಲ್ಲ. ಸ್ಟೆಪ್ನಿ ಎಲ್ಲೈತೆ?”

ಮನೆಯಲ್ಲಿದೆ ಎಂದೆ. ಹೋಂವರ್ಕ್ ಮನೆಯಲ್ಲಿ ಬಿಟ್ಟು ಬಂದ ಮಕ್ಕಳನ್ನು ನಾನು ನೋಡುವ ಹಾಗೆ ಅವರು ನನ್ನನ್ನು ನೋಡಿದರು.

ಮನೆಗೆ ಫೋನ್ ಮಾಡಿದೆ. “ಟೈರು ಹೋತು ರೀ. ಇವತ್ತು ಬರಲ್ಲ, ರೂಮಲ್ಲೇ ಇರ್ತೀನಿ. ಸೋಮವಾರ ಇಲ್ಲೇ ಬೇರೆ ಟೈರು ಹಾಕ್ಸಿದ್ರಾತು. ನೀವು ಉಂಡು ಮಲಗ್ರಿ.”

ಎಲ್ಲಿದ್ದೀಯ ಎಂದು ಕೇಳಿದರು. ಹೇಳಿದೆ. “ಆತು,” ಎಂದು ಇಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ನಾದಿನಿಯ ಫೋನು.

“ಅತ್ತಿಗೆ, ಅಣ್ಣ ಸ್ಟೆಪ್ನಿ ತಗಂಡು ಬಸ್‌ಸ್ಟ್ಯಾಂಡಿಗೆ ಹೋದ. ತಾನೇ ಎತ್ತಿ ಆಟೋದಾಗೆ ಇಟ್ಕಂಡ. ಬ್ಯಾಡ ಅಂದ್ರೂ ಕೇಳ್ಲಿಲ್ಲ.”

ಇವರಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕು. ಇಳಿಸುವುದು ಒಂದು, ಹತ್ತಿಸುವುದು ಒಂದು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾ ಆ ಅಂಗಡಿಯ ಬೆಂಚಿನ ಮೇಲೆ ಮೂರು ತಾಸು ಕೂತಿದ್ದೆ. ಅಷ್ಟು ಹೆದರಿಕೆ ಆಪರೇಷನ್ ದಿನವೂ ಆಗಿರಲಿಲ್ಲ.

ಬಸ್ಸು ಬಂದು ಅಂಗಡಿಯ ಮುಂದೆಯೇ ನಿಂತಿತು. ಮೊದಲು ಕಂಡಕ್ಟರು ಸ್ಟೆಪ್ನಿ ಉರುಳಿಸುತ್ತಾ ಇಳಿದರು, ಹಿಂದೆ ಜಾಕಿನ ಚೀಲ ಹಿಡಿದು ನಮ್ಮ ಮಹಾರಾಯರು. ಬೈಯಲು ಬಾಯಿ ತೆರೆದವಳು ಮೊದಲು ಅವರ ಮುಖ ನೋಡಿದೆ, ಎದೆ ನೋಡಿದೆ. ಆಮೇಲೆ ನಡುರಸ್ತೆಯಲ್ಲೇ ಶುರುಮಾಡಿದೆ.

“ಬುದ್ಧಿ ಐತೇನ್ರಿ ನಿಮಗೆ? ಏನಾದ್ರೂ ಆಗಿದ್ರೆ ನಾನೇನ್ ಮಾಡ್ಬೇಕಿತ್ತು?”

“ಒಂದೇ ಸಲ ಎತ್ತಿದ್ದು. ಉಳಿದಿದ್ದೆಲ್ಲ ಬಸ್ಸಿನವ್ರೇ ಮಾಡಿದ್ರು,” ಎನ್ನುತ್ತಾ ಕಾರಿನ ಪಕ್ಕ ಕೂರಲು ಹೋದರು. ಜಾಕನ್ನು ಕಿತ್ತುಕೊಂಡೆ. ಅಂಗಡಿಯವರು ಮುಂದೆ ಬಂದರೆ ಅವರನ್ನೂ ತಡೆದೆ. ಸಿಟ್ಟಿಗೆ ಒಂದು ಕೆಲಸ ಬೇಕಿತ್ತು.

“ಹೇಳ್ರಿ, ಮೊದ್ಲು ಏನು?” ಎಂದು ಇವರನ್ನೇ ಕೇಳಿದೆ.

“ನಟ್ ಸಡ್ಲ ಮಾಡು. ಆಮೇಲೆ ಜಾಕು. ಕೈಲಾಗದಿದ್ರೆ ಸ್ಪ್ಯಾನರ್ ಮೇಲೆ ಹತ್ತಿ ನಿಲ್ಲು.”

ಸೀರೆ ಎತ್ತಿ ಕಟ್ಟಿ ಸ್ಪ್ಯಾನರ್ ಮೇಲೆ ಹತ್ತಿ ನಿಂತೆ. ಹೆಡ್‌ಮಿಸ್ ಎಂಬ ಮರ್ಯಾದೆ ಅಲ್ಲೇ ಮುಗಿಯಿತು. ಅವರು ಬೆಂಚಿನ ಮೇಲೆ ಕೂತು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. “ಒಂದೇ ಕಡೆಯಿಂದ ಬಿಗಿ ಮಾಡ್ಬೇಡ, ಎದುರುಬದುರು ಮಾಡು. ಹಾಂ, ಹಂಗೆ.” ಕಡೆಯ ನಟ್ಟು ಬಿಗಿ ಮಾಡಿ ತಲೆಯೆತ್ತಿದರೆ ಅವರ ಮುಖ ಅರಳಿತ್ತು. ಎಷ್ಟೋ ತಿಂಗಳಿಂದ ನಾನು ಕಂಡಿರದ ಖುಷಿ ಅದು. ನನಗೆ ಅವರ ಅಗತ್ಯ ಬೀಳದಿರಲಿ ಎಂದು ಆ ಟೈರು ತಂದಿದ್ದ ಮನುಷ್ಯ, ಅಗತ್ಯ ಬಿತ್ತು ಎಂದು ಕೇಳಿದ್ದೇ ತಡ ಓಡಿ ಬಂದಿದ್ದರು. ನಿಮ್ಮನ್ನಂತೂ ಕರೆಯಲ್ಲ ಎಂದಿದ್ದ ನನಗೆ ನಾಚಿಕೆಯಾಯಿತು.

ವಾಪಸ್ ನಾನೇ ಓಡಿಸಿದೆ, ನಿಧಾನವಾಗಿ. ಪಕ್ಕದಲ್ಲಿ ಅವರು. ಉಳಿದ ಮೂರನ್ನೂ ತೆಗೆಸಿ ಮಾಮೂಲಿ ಟೈರು ಹಾಕಿಸೋಣ ಎಂದೆ. ಹಾಕಿಸು ಎಂದರು. ದಾವಣಗೆರೆ ದಾಟಿದ ಮೇಲೆ, ಕಿಟಕಿಯ ಕಡೆ ನೋಡುತ್ತಾ ಕೇಳಿದರು:

“ಸೋಮವಾರ ನಾನೂ ಬರ್ಲಾ?”

“ಎಲ್ಲಿಗೆ?”

“ಜಗಳೂರಿಗೆ. ಒಂದ್ ಸಣ್ಣ ಮನೆ ಮಾಡಾನ. ನೀನು ಶಾಲೆಗೆ ಹೋದಾಗ ಅನ್ನ, ಸಾರು ಮಾಡಿಡ್ತೀನಿ. ನಂಗೆ ಬರಲ್ಲ, ಕಲಿತ್ಕಂತೀನಿ.”

ಮೂರು ತಿಂಗಳು ನಾವು ಟೈರಿನ ಮೇಲೆ ಜಗಳವಾಡಿದ್ದೆವು. ನನ್ನ ಜೊತೆ ಬರ್ತೀರಾ ಎಂದು ನಾನು ಒಂದು ಸಲವೂ ಕೇಳಿರಲಿಲ್ಲ. ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಬೇಕಾಯಿತು, ನನಗೆ ಎದುರಿನ ದಾರಿಯೇ ಕಾಣುತ್ತಿರಲಿಲ್ಲ.