ಕಬ್ಬಿಣವಿಲ್ಲದ ಕಡಲು

ಗಂಡ ತೀರಿಕೊಂಡ ದಿನ ಬಳಗದ ಹೆಂಗಸರು ನನ್ನ ಬಳೆ ಒಡೆಯಲು ಬಂದಾಗ ಅಡ್ಡ ನಿಂತವರು ನನ್ನ ಅತ್ತೆ. "ಹೋದಾಂವ ನನ್ನ ಮಗ. ಆಕಿ ಕೈ ಯಾಕ ಬೋಳ ಮಾಡ್ತೀರಿ? ಬಿಡ್ರಿ," ಎಂದು ಗದರಿದ್ದರು.

ಆಮೇಲೆ ಹುಮನಾಬಾದಿನ ಎರಡು ಕೋಣೆಯ ಮನೆಯಲ್ಲಿ ನಾವಿಬ್ಬರೇ ಉಳಿದೆವು. ನಾನು ಬಸವಕಲ್ಯಾಣದ ಕಾಲೇಜಿಗೆ ಹೋಗಿ ಜೀವಶಾಸ್ತ್ರ ಕಲಿಸಿ ಬರುತ್ತಿದ್ದೆ. ಸಂಜೆ ಒಂದೇ ಬುಟ್ಟಿಯ ರೊಟ್ಟಿ ತಿನ್ನುತ್ತಿದ್ದೆವು. ಮಾತು ಕಡಿಮೆ. ಅವನ ಹೆಸರು ಬಂದರೆ ಇಬ್ಬರಲ್ಲಿ ಒಬ್ಬರು ಎದ್ದು ಒಳಗೆ ಹೋಗಿಬಿಡುತ್ತಿದ್ದೆವು.

ಕೆಲವು ವರ್ಷಗಳ ನಂತರ ದಕ್ಷಿಣ ಧ್ರುವದ ಕಡಲಿಗೆ ಹೊರಟ ಸಂಶೋಧನಾ ಹಡಗಿನಲ್ಲಿ ನನಗೊಂದು ಜಾಗ ಸಿಕ್ಕಿತು. ಅಲ್ಲಿನ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಗಳಿವೆ. ಬೇಸಿಗೆಯಲ್ಲಿ ಬೆಳಕಿಗೆ ಕೊರತೆಯಿಲ್ಲ, ಸಾರಜನಕಕ್ಕೂ ಇಲ್ಲ. ಸಾಲದ್ದು ಚೂರೇ ಚೂರು ಕಬ್ಬಿಣ, ಅದಕ್ಕಿಂತಲೂ ಕಡಿಮೆ ಬೇಕಾಗುವ ಬಿ-ಹನ್ನೆರಡು ವಿಟಮಿನ್. ಆ ವಿಟಮಿನ್ನನ್ನು ಪಾಚಿ ತಾನೇ ಮಾಡಿಕೊಳ್ಳಲಾರದು, ಜೊತೆಗಿರುವ ಬ್ಯಾಕ್ಟೀರಿಯಾ ಮಾಡಿಕೊಡಬೇಕು. ಬ್ಯಾಕ್ಟೀರಿಯಾ ಬದುಕುವುದು ಪಾಚಿ ಸುರಿಸುವ ಸಕ್ಕರೆಯ ಮೇಲೆ. ಆದರೆ ಕಬ್ಬಿಣ ಎರಡಕ್ಕೂ ಬೇಕು. ಹಾಗಾಗಿ ಒಂದನ್ನೊಂದು ಸಾಕುತ್ತಲೇ ಒಂದರ ಬಾಯಿಂದ ಒಂದು ಕಿತ್ತುಕೊಳ್ಳುತ್ತವೆ. ಅವನ್ನು ಬಾಟಲಿಗಳಲ್ಲಿ ಬೆಳೆಸಿ ನೋಡುವುದು ನನ್ನ ಕೆಲಸ.

ಹಡಗೇ ಕಬ್ಬಿಣದ್ದು. ತುಕ್ಕಿನ ಒಂದು ಕಣ ಬಿದ್ದರೂ ಬಾಟಲಿ ಕೆಟ್ಟಂತೆ. ಅದಕ್ಕೇ ಪ್ಲಾಸ್ಟಿಕ್ ಹೊದಿಸಿದ ಒಂದು ಕೋಣೆಯಿತ್ತು. ಒಳಗೆ ಹೋಗುವ ಮೊದಲು ಓಲೆ, ಬಳೆ ಎಲ್ಲ ತೆಗೆಯಬೇಕು. ಗಾಜಿನ ಬಳೆಯ ಮೇಲಿನ ಹೊಳೆಯುವ ಬಣ್ಣವೂ ಲೋಹವೇ. ಕೈಗೆ ಸೋಪು ಹಚ್ಚಿ ಒಂದೊಂದಾಗಿ ಜಾರಿಸಿದೆ. ಒಂದೂ ಒಡೆಯಲಿಲ್ಲ.

ಆ ವಾರ ವಿಡಿಯೊ ಕರೆಯಲ್ಲಿ ಅತ್ತೆ ಮೊದಲು ನೋಡಿದ್ದೇ ನನ್ನ ಕೈ.

"ಕೈ ಯಾಕ ಬೋಳ ಅದಾವ?"

"ಕೆಲಸಕ್ಕ ತಗದೇನ್ರಿ ಅತ್ತಿ. ಇಲ್ಲಿ ನೀರಾಗ ಕಬ್ಬಿಣ ಬೀಳಬಾರದ್ರಿ."

"ಬಳಿ ಗಾಜಿಂದಲ್ಲೇನವ್ವಾ?"

ನಾನು ಬಿಡಿಸಿ ಹೇಳುವಷ್ಟರಲ್ಲಿ ಚಿತ್ರ ನಿಂತಿತು. ಸಿಗ್ನಲ್ ಮರಳಿದಾಗ ಅವರು ಫೋನ್ ಎತ್ತಲಿಲ್ಲ.

ಮುಂದಿನ ವಾರಗಳಲ್ಲಿ ಹಡಗಿನ ಸುತ್ತ ಮಂಜುಗಡ್ಡೆ ಬಿಟ್ಟರೆ ಏನೂ ಇರಲಿಲ್ಲ. ಊಟದ ಮೇಜಿನಲ್ಲಿ ಎಲ್ಲರೂ ನಗುತ್ತಿದ್ದರು, ನನ್ನ ಭಾಷೆ ಆಡುವವರು ಒಬ್ಬರೂ ಇರಲಿಲ್ಲ. ಕಬ್ಬಿಣ ಮಾತ್ರ ಹಾಕಿದ ಬಾಟಲಿಗಳಲ್ಲಿ ಪಾಚಿ ಒಂದಿಷ್ಟು ಹಬ್ಬಿ ನಿಂತುಬಿಟ್ಟಿತು. ಕಬ್ಬಿಣ, ವಿಟಮಿನ್ ಎರಡೂ ಸಿಕ್ಕ ಬಾಟಲಿಗಳಲ್ಲಿ ಅದು ದಟ್ಟವಾಗಿ ಬೆಳೆದು ನೀರೇ ಕಂದು ಬಣ್ಣಕ್ಕೆ ತಿರುಗಿತು. ತಂಡದವರು ಬೆನ್ನು ತಟ್ಟಿದರು. ಆ ಖುಷಿ ಹೇಳಿಕೊಳ್ಳಲು ಅತ್ತೆಯ ನಂಬರಿಗೆ ಫೋನ್ ಹಚ್ಚಿದರೆ ನಾದಿನಿ ಎತ್ತಿದಳು. "ಅವ್ವ ಈಗ ನಮ್ಮ ಕಡೀನೇ ಅದಾಳ್ರಿ ವೈನಿ, ಹುಲಸೂರಾಗ."

ಊರಿಗೆ ಮರಳಿದ ಮರುದಿನವೇ ಹುಲಸೂರಿಗೆ ಹೋದೆ. ಅತ್ತೆ ಅಂಗಳದಲ್ಲಿ ಕೂತು ತೊಗರಿ ಹಸನು ಮಾಡುತ್ತಿದ್ದರು.

"ಸಿಟ್ಟಾಗೀರೇನ್ರಿ ಅತ್ತಿ?"

"ಇಲ್ಲವ್ವಾ. ನೀ ಬಳಿ ತಗದಿ ಅಂತ ನಾ ಇಲ್ಲಿಗಿ ಬಂದಿಲ್ಲ." ಮೊರದಿಂದ ಕಣ್ಣೆತ್ತಲಿಲ್ಲ. "ಆ ಮನಿಯಾಗ ನಿನ್ನ ಮುಂದ ಅಳಾಕ ಆಗ್ತಿರಲಿಲ್ಲ. ನೀ ಹೋದ ಮ್ಯಾಲ ಒಬ್ಬಾಕಿನ ಇರಾಕೂ ಆಗಲಿಲ್ಲ. ಇಲ್ಲಿ ಅಳ್ತೇನಿ, ಉಣ್ತೇನಿ, ಮಕ್ಕೊತೇನಿ."

ಮನೆಗೆ ಬನ್ನಿ ಎಂದು ಕರೆಯಲೆಂದೇ ಹೋಗಿದ್ದೆ. ಕರೆಯಲಿಲ್ಲ. ಪಕ್ಕದಲ್ಲಿ ಕೂತು ತೊಗರಿಯಲ್ಲಿನ ಹರಳು ಆರಿಸಿದೆ.

ಈಗಲೂ ಬಿಡುವಿದ್ದ ರವಿವಾರ ಹೋಗುತ್ತೇನೆ. ಅವರು ಮಗನ ಬಗ್ಗೆ ಮಾತಾಡುತ್ತಾರೆ, ನಾನು ಕೇಳುತ್ತೇನೆ. ಸಂಜೆಯ ಬಸ್ಸಿಗೆ ಬಂದು ಹುಮನಾಬಾದಿನಲ್ಲಿಳಿದು ಒಬ್ಬಳಿಗಾಗುವಷ್ಟು ಅನ್ನಕ್ಕಿಡುತ್ತೇನೆ. ಅಳತೆ ಇನ್ನೂ ತಪ್ಪುತ್ತದೆ. ಉಳಿದದ್ದಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ, ಡಬ್ಬಿಗೆ ತುಂಬಿಕೊಂಡು ಕಾಲೇಜಿಗೆ ಹೊರಡುತ್ತೇನೆ.