ನಾದಿನಿಯನ್ನು ಗಿಡ್ಡ ಮಾಡಲು ಹೋಗಿದ್ದು

ಆಗ ನನಗೆ ಹತ್ತೊಂಬತ್ತು. ಅರವತ್ತು ವರ್ಷದ ಮೇಲಾಯಿತು. ಹೂವಿನ ಹಿಪ್ಪರಗಿಗೆ ಸೊಸೆಯಾಗಿ ಬಂದಿದ್ದೆ. ಗಂಡನ ತಂಗಿ, ಅಂದರೆ ನನ್ನ ನಾದಿನಿ, ಬಹಳ ಎತ್ತರ. ಎಲ್ಲ ಬಾಗಿಲಲ್ಲೂ ಬಗ್ಗಿಯೇ ಬರಬೇಕು. ಕನ್ನೊಳ್ಳಿಯ ಒಬ್ಬ ಹುಡುಗನನ್ನು ಸಿಂದಗಿ ಸಂತೆಯಲ್ಲಿ ನೋಡಿದ್ದಳು. ಮದುವೆಯಾದರೆ ಅವನನ್ನೇ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಕೂತಿದ್ದಳು. ಅವರ ಮನೆಯಿಂದ ಹೇಳಿಕೆ ಬಂತು: ಹುಡುಗನ ಸೋದರತ್ತೆ ಬರುತ್ತಾಳೆ, ಅವನ ಎತ್ತರಕ್ಕೆ ಗಂಟು ಹಾಕಿದ ದಾರ ತರುತ್ತಾಳೆ, ಹುಡುಗಿ ಗಂಟು ದಾಟಿದರೆ ಸಂಬಂಧ ಇಲ್ಲ.

ನಾದಿನಿ ಅತ್ತು ಮೂಗು ಕೆಂಪು ಮಾಡಿಕೊಂಡಳು. ಆಗ ಮೈದುನ ಬಾಯಿ ಹಾಕಿದ. ವಿಜಾಪುರದ ಕಾಲೇಜಿನಲ್ಲಿ ಸೈನ್ಸ್ ಓದುತ್ತಿದ್ದವನು ರಜೆಗೆ ಬಂದಿದ್ದ.

“ವೈನಿ, ಜೋರಾಗಿ ಓಡೂ ವಸ್ತು ಗಿಡ್ಡ ಆಗತೈತಿ. ನಿಂತವ್ರು ಅಳದ್ರ ಕಡಿಮಿ ಬರತೈತಿ.”

“ಹಂಗಾರ ಅಕಿನ್ನ ಓಡಸೂಣು,” ಎಂದೆ.

“ಓಡಿದ್ರ ಎತ್ತರ ಇಳಿಯೂದಿಲ್ರಿ. ಹೋಗೂ ದಿಕ್ಕಿನಾಗ ಅಷ್ಟ ಕಡಿಮಿ. ಹೊಟ್ಟಿ, ಬೆನ್ನು ಹತ್ತಿರ ಬರತಾವ.”

“ಅವು ಆಗಲೇ ಹತ್ಯಾವ,” ಎಂದರು ಅತ್ತೆ.

“ಮಲಗಿಸಿ ಒಯ್ದರ?” ಎಂದೆ. ಮೈದುನ ತಲೆ ಕೆರೆದುಕೊಂಡು, ಆಗಬಹುದು ಎಂದ.

ನಾದಿನಿಯನ್ನು ಚಕ್ಕಡಿಯಲ್ಲಿ ಉದ್ದಕ್ಕೆ ಮಲಗಿಸಿದೆವು. “ಹೆಣಾ ಒಯ್ದಂಗ ಒಯ್ತೀರಲ್ಲೋ,” ಎಂದು ಅತ್ತೆ ಬೈದರು. ಮೈದುನ ಎತ್ತು ಹೊಡೆದ. ನಾನು ಪಕ್ಕಕ್ಕೆ ಕೂತು ಗೇಣು ಹಾಕಿ ಅಳೆದೆ. ಮನೆಯಲ್ಲಿ ಎಷ್ಟಿದ್ದಳೋ ಅಷ್ಟೇ.

“ಕಡಿಮಿ ಆಗಿಲ್ಲೋ!”

“ನೀವೂ ಚಕ್ಕಡ್ಯಾಗ ಕುಂತೀರಲ್ಲ. ನಿಮ್ಮ ಗೇಣೂ ಅಷ್ಟ ಗಿಡ್ಡ ಆಗತೈತಿ. ಸಂಗಾಟ ಹೊಂಟವ್ರಿಗೆ ಗೊತ್ತಾಗೂದಿಲ್ಲ. ಮತ್ತ ಎತ್ತು ಬೆಳಕಿನಷ್ಟು ಜೋರ ಓಡಬೇಕು.”

“ಇವು ನೀರು ಕುಡ್ಯಾಕೂ ಜೋರ ಹೋಗೂದಿಲ್ಲ.”

ಮಲಗಿದ್ದ ನಾದಿನಿ ಕೇಳಿದಳು, “ಅಣ್ಣಾ, ನನ್ನ ಕಡೆಯಿಂದ ಅಳದ್ರ?”

“ನಿನ್ನ ಲೆಕ್ಕದಾಗ ನೀನು ನಿಂತೀ, ದಾರಿ ಓಡತೈತಿ. ದಾರಿ, ಮನಿ, ಬಾಗಲಾಗ ನಿಂತ ಅವ್ವ, ಎಲ್ಲಾ ಕಡಿಮಿ.”

“ಹಂಗಾರ ಸುಳ್ಳು ಹೇಳಾವ್ರು ಯಾರು?”

“ಯಾರೂ ಅಲ್ಲ. ಇಬ್ಬರದೂ ಖರೇ.”

ಅದು ನನಗೆ ಚೆನ್ನಾಗಿ ತಿಳಿಯಿತು. ಸೊಸೆ ಕೆಲಸ ಕಡಿಮೆ ಮಾಡುತ್ತಾಳೆ ಎಂದು ಅತ್ತೆ ಅನ್ನುತ್ತಿದ್ದರು, ಅತ್ತೆ ಕಡಿಮೆ ಮಾಡುತ್ತಾರೆ ಎಂದು ನಾನು. ಇದನ್ನು ಕಲಿಯಲು ವಿಜಾಪುರದವರೆಗೆ ಹೋಗಬೇಕಿತ್ತೇ ಎನಿಸಿತು.

ತಿರುಗಿ ಬಂದರೆ ಹುಡುಗನ ಸೋದರತ್ತೆ ದಾರ ಹಿಡಿದು ಅಂಗಳದಲ್ಲಿ ನಿಂತಿದ್ದಾಳೆ!

“ಹುಡುಗಿಗೆ ಬ್ಯಾನಿ ಏನ್ರಿ?” ಎಂದಳು.

“ಇಲ್ರಿ,” ಎಂದ ಮೈದುನ, “ಗಿಡ್ಡ ಮಾಡಾಕತ್ತಿದ್ವಿ.”

ಆಕೆ ನಾದಿನಿಯನ್ನು ಇಳಿಸಲೂ ಇಲ್ಲ. ಮಲಗಿದಲ್ಲೇ ಹಿಮ್ಮಡಿಯಿಂದ ದಾರ ಹಿಡಿದಳು. ಗಂಟು ಹುಬ್ಬಿಗೆ ನಿಂತಿತು. “ನಾಕು ಬೆರಳು ಉದ್ದ. ಆಗೂದಿಲ್ಲ.”

ನಾದಿನಿ ಧಡಕ್ಕನೆ ಎದ್ದು ಕೂತಳು. “ನಾ ಯಾಕ್ರಿ ಉದ್ದ? ನನ್ನ ಕಡೆಯಿಂದ ಅಳದ್ರ ಅವ್ರೇ ನಾಕು ಬೆರಳು ಗಿಡ್ಡ. ನಾ ಅವ್ರನ್ನ ಒಲ್ಲೆ ಅಂದೇನೇನು?”

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. ಮುಗಿಯಿತು, ಇನ್ನು ಜೀವನಪೂರ್ತಿ ಇವಳು ನನ್ನ ಒಲೆಯ ಮುಂದೆಯೇ ಎಂದುಕೊಂಡೆ.

ಸೋದರತ್ತೆ ಅವಳನ್ನೇ ನೋಡಿದಳು. “ನಮ್ಮ ಹುಡುಗ ದಿನಕ್ಕ ಎರಡು ಮಾತಾಡತಾನ. ಮನ್ಯಾಗ ಒಂದು ಬಾಯಿ ಬೇಕಾಗೇತಿ,” ಎಂದಳು. ಗಾಲಿಗೆ ಒರಗಿ ಗಂಟು ಬಿಚ್ಚಿದಳು. ನಾಲ್ಕು ಬೆರಳಿಗೆ ಇನ್ನೊಂದು ಬೆರಳು ಸೇರಿಸಿ ಅಷ್ಟು ಮುಂದೆ ಹೊಸ ಗಂಟು ಕಟ್ಟಿದಳು. “ಮಂದಿ ಕೇಳಿದ್ರ ಇದನ್ನ ತೋರಸ್ತೇನಿ. ನಮ್ಮ ಹುಡುಗಗ ಹೇಳಬ್ಯಾಡ್ರಿ, ತಾನ ಬೆಳದೇನಿ ಅಂತ ತಿಳಕೊಳ್ಳಲಿ.”

ಮರುದಿನ ಮುಂಜಾನೆ ಮದುವೆಯ ಶಾವಿಗೆಗೆಂದು ಗೋಧಿ ತೊಳೆದು ಮಾಳಿಗೆಯ ಮೇಲೆ ಒಣಹಾಕಿದೆ. ಗುಬ್ಬಿ ಓಡಿಸಲು ಮೈದುನನನ್ನು ಕೂಡಿಸಿದೆ.